ಒಳಗೆ ಬಿಟ್ಟ ಬಟ್ಟೆ

ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗೆ ಟೈಲರಕ್ಕನ ಹೊಲಿಗೆ ಯಂತ್ರ. ಹನ್ನೊಂದು ವರ್ಷದಿಂದ ಅಲ್ಲೇ ಕೂತು ಬಿಗಿಯಾದದ್ದನ್ನು ಸಡಿಲಿಸಿ, ಉದ್ದವಾದದ್ದನ್ನು ಮಡಚಿ ಕೊಡುತ್ತ ಬಂದಿದ್ದಳು. ಹೋದ ತಿಂಗಳು ಮಾಲೀಕರು ಅವಳನ್ನು ಕರೆದು, ಇನ್ನು ಮೇಲೆ ಯಾರೇ ಹಳೆಯದನ್ನು ತಂದರೂ ‘ಇದು ಆಗಲ್ಲ, ಹೊಸದು ತಗೊಳ್ಳಿ’ ಅನ್ನಬೇಕೆಂದು ಹೇಳಿಕೊಟ್ಟರು. ಆ ಮಾತು ಅವಳ ನಾಲಿಗೆಗೆ ಹತ್ತಲಿಲ್ಲ. ಎಂದಿನಂತೆ ಹೊಲಿಗೆ ತಿರುಗಿಸಿ ನೋಡಿ, ಒಳಗೆ ಸಡಿಲಿಸಲು ಬಿಟ್ಟ ಬಟ್ಟೆ ಇದ್ದರೆ ಇದೆ ಎಂದೇ ಹೇಳಿದಳು. ಹಳೆಯದೇ ಆಗುತ್ತದೆಂದು ತಿಳಿದ ಒಬ್ಬ ತಾಯಿ, ಮಗಳಿಗೆಂದು ಆರಿಸಿದ್ದ ಎರಡು ಫ್ರಾಕುಗಳನ್ನು ವಾಪಸಿಟ್ಟು ಹೋದದ್ದು ಮಾಲೀಕರ ಕಣ್ಣಿಗೆ ಬಿತ್ತು. ರಿಯಾಯಿತಿ ಮಾರಾಟ ಶುರುವಾಗುವ ದಿನವೇ ಅವಳು ಜಾಗ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು.

ಆ ದಿನ ಬೆಳಿಗ್ಗೆ ಅವಳು ಕತ್ತರಿ, ಟೇಪು, ದಾರದ ಉಂಡೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಬಾಗಿಲಲ್ಲಿ ಜನವೋ ಜನ. ಮಾಲೀಕರು ತಮ್ಮದೇ ಅಂಗಡಿಯ ಹೊಚ್ಚಹೊಸ ಕೋಟು ತೊಟ್ಟು ರಿಬ್ಬನ್ ಕತ್ತರಿಸಲು ಕೈ ಚಾಚಿದ್ದೇ ತಡ, ಪರ್ರನೆ ಕೋಟಿನ ಬೆನ್ನು ಸೀಳಿತು. ಜನರತ್ತ ಹಲ್ಲು ಬಿಡುತ್ತಲೇ ಅವರು ಹಿಮ್ಮುಖವಾಗಿ ನಡೆದು ಮೆಟ್ಟಿಲ ಕೆಳಗೆ ಬಂದರು.

“ಏನಾದ್ರೂ ಮಾಡಕ್ಕ.”

ನಿನ್ನೆಯವರೆಗೆ ಅವಳು ಬರೀ ‘ಏನಮ್ಮ’ ಆಗಿದ್ದಳು. ಹೊಲಿಗೆ ತಿರುಗಿಸಿದಳು. ಒಳಗೆ ಉಗುರಿನಷ್ಟೂ ಬಟ್ಟೆಯಿಲ್ಲ.

“ಇದು ಆಗಲ್ಲ ಸಾರ್,” ಎಂದಳು ತಣ್ಣಗೆ. “ಹೊಸದು ತಗೊಳ್ಳಿ.”

“ಇದೇ ಹೊಸದಲ್ವೇನಕ್ಕ.”

ಅಷ್ಟು ಹೊತ್ತು ಬಿಗಿಹಿಡಿದಿದ್ದ ನಗುವನ್ನು ಜನ ಬಿಟ್ಟೇಬಿಟ್ಟರು. ಅಂಗಡಿಯಲ್ಲಿ ಅದಕ್ಕಿಂತ ದೊಡ್ಡ ಅಳತೆಯ ಕೋಟೂ ಇರಲಿಲ್ಲ. ಮಾಲೀಕರ ಹೆಂಡತಿ ಮಹಡಿಯ ಮನೆಗೆ ಓಡಿ, ಹದಿನೈದು ವರ್ಷದ ಹಳೆಯ ಕೋಟನ್ನು ತಂದರು.

“ಇದನ್ನೇ ಹಾಕ್ಕೊಳ್ಳಿ ಅಂತ ಬಡ್ಕೊಂಡೆ. ನನ್ನ ಮಾತು ಯಾವತ್ತು ಕೇಳಿದಾರೆ ಇವರು?”

ಈ ಕೋಟನ್ನು ಟೈಲರಕ್ಕ ಹಿಂದೊಮ್ಮೆ ಸಡಿಲಿಸಿದ್ದಳು. ಬೆನ್ನ ಹೊಲಿಗೆಯೊಳಗೆ ಇನ್ನೂ ಎರಡು ಬೆರಳಗಲ ಬಟ್ಟೆ ಉಳಿದಿತ್ತು. ಬಿಚ್ಚಿ, ಸೀಮೆಸುಣ್ಣದ ಗೆರೆ ಎಳೆದು ಯಂತ್ರ ತುಳಿದಳು. ಜನ ರಿಬ್ಬನ್ ಮರೆತು ಅವಳ ಸುತ್ತ ಸೇರಿದರು. ಮಾಲೀಕರು ತೊಟ್ಟು, ಎರಡೂ ಕೈ ಮೇಲೆತ್ತಿದರು. ಕೋಟು ಜಪ್ಪಯ್ಯ ಅನ್ನಲಿಲ್ಲ.

ಆಗ ಅವಳು ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. “ಕೊಳ್ಳೋಕೆ ಮುಂಚೆ ತಿರುಗಿಸಿ ನೋಡಿ. ಒಳಗೆ ಬಟ್ಟೆ ಬಿಟ್ಟಿದ್ರೆ ಅದು ನಿಮ್ಮ ಜೊತೆ ಬೆಳೆಯತ್ತೆ. ಇಲ್ಲಾಂದ್ರೆ ಮನೇಲಿರೋದನ್ನೇ ತನ್ನಿ.”

ರಿಬ್ಬನ್ ಕತ್ತರಿಸಿದ ಮೇಲೆ ಜನ ಬುಟ್ಟಿಗೆ ಹಾಕಿಕೊಂಡ ಬಟ್ಟೆಗಳನ್ನೆಲ್ಲ ತಿರುವಿ ನೋಡತೊಡಗಿದರು. ತುಂಬಿದ್ದ ಬುಟ್ಟಿಗಳು ಒಂದೊಂದಾಗಿ ಖಾಲಿಯಾದವು. ಮಧ್ಯಾಹ್ನದ ಹೊತ್ತಿಗೆ ಅವರಲ್ಲಿ ಅರ್ಧದಷ್ಟು ಮಂದಿ ಹಳೆ ಬಟ್ಟೆಯ ಗಂಟು ಹಿಡಿದು ಮತ್ತೆ ಬಂದಿದ್ದರು, ಸಾಲು ರಸ್ತೆ ಮುಟ್ಟಿತ್ತು.

ಯಂತ್ರ ಅಲ್ಲೇ ಇರಲಿ ಎಂದರು ಮಾಲೀಕರು, ನೆಲ ನೋಡುತ್ತ.

“ಮೆಟ್ಟಿಲ ಕೆಳಗೆ ಬೆಳಕಿಲ್ಲ ಸಾರ್,” ಎಂದಳು ಟೈಲರಕ್ಕ.

ಸಂಜೆಯೊಳಗೆ ಹೊಸ ಕೋಟು ತೊಟ್ಟ ಗೊಂಬೆಗಳು ಮೆಟ್ಟಿಲ ಕೆಳಗೆ ಹೋದವು. ರಸ್ತೆಗೆ ಕಾಣುವ ದೊಡ್ಡ ಗಾಜಿನ ಹಿಂದೆ, ಒಳ್ಳೆ ಬೆಳಕಿನಲ್ಲಿ, ಅವಳ ಯಂತ್ರ ಓಡುತ್ತಿತ್ತು.