ಕೊಪ್ಪದಾಕಿಯ ಹೆಸರು

ನಾನು ಒಂದು ದಮ್ಮಡಿ. ಬೇವಿನ ಮರದ ಬಳೆಗೆ ಆಡಿನ ತೊಗಲು ಬಿಗಿದು ನನ್ನನ್ನು ಮಾಡಿದರು. ಫಕೀರವ್ವ ನನ್ನನ್ನು ಮನೆಗೆ ತಂದು, ತೊಗಲು ಬಿಗಿಯಾಗಲೆಂದು ಜೋಳದ ದಂಟಿನ ಉರಿಗೆ ಹಿಡಿದು, ಬೆರಳಿನಿಂದ ಒಮ್ಮೆ ತಟ್ಟಿದಳು. ನನಗೂ ದನಿ ಇದೆ ಎಂದು ಆಗ ಗೊತ್ತಾಯಿತು. ಅವಸರದಲ್ಲಿ ಬಳೆಯ ಅಂಚು ಸ್ವಲ್ಪ ಸುಟ್ಟಿತು. ಆ ಕಲೆ ಇನ್ನೂ ಇದೆ.

ಫಕೀರವ್ವನ ಕೆಲಸ ರಾಶಿ ಹಾಡುವುದು. ಕಣದಲ್ಲಿ ಜೋಳ ತೂರಿ ರಾಶಿ ಮಾಡಿದ ಮೇಲೆ, ಚೀಲ ತುಂಬುವ ಮೊದಲು, ಅವಳು ಅದರ ಮುಂದೆ ಕೂತು ದುಡಿದವರ ಹೆಸರು ಹಿಡಿದು ಶರಣು ಹಾಡಬೇಕು. ಎತ್ತುಗಳಿಗೂ ಅವುಗಳ ಹೆಸರಿನಿಂದಲೇ ಶರಣು. ಒಂದೇ ಕಟ್ಟಳೆ: ತನ್ನ ಹೆಸರನ್ನು ತಾನೇ ಹಾಡಿಕೊಳ್ಳಬಾರದು. ಹಾಗಾಗಿ ಫಕೀರವ್ವನ ಹೆಸರು ಯಾವ ಕಣದಲ್ಲೂ ಕೇಳಲಿಲ್ಲ. ಅವಳ ಮಡಿಲಲ್ಲೇ ಇದ್ದ ನನಗೂ ಅದು ಹೊಳೆದಿರಲಿಲ್ಲ.

ಒಂದು ಸುಗ್ಗಿಯಲ್ಲಿ ಹಾಡು ಮುಗಿಯುತ್ತಲೇ, ಕಳೆ ತೆಗೆಯಲು ಪಕ್ಕದ ಕೊಪ್ಪದಿಂದ ಬರುತ್ತಿದ್ದ ಹೆಂಗಸು ಎದ್ದು ನಿಂತಳು.

"ನಾಕ ವರ್ಷ ಆತು, ಬರೇ ಕೊಪ್ಪದಾಕಿಗೆ ಶರಣ ಅಂತೀ. ಇಡೀ ಕೊಪ್ಪಾನ ಬಂದು ಕಳೆ ತಗೀತೇನಬೇ? ನನಗೊಂದ ಹೆಸರೈತಿ. ಗ್ಯಾನವ್ವ."

ಕಣದವರು ನಕ್ಕರು. ಅವಳು ನಗಲಿಲ್ಲ.

ಫಕೀರವ್ವ ನನ್ನನ್ನು ಮಡಿಲಿನಿಂದ ಕೆಳಗಿಟ್ಟಳು. "ತಪ್ಪಾತವ್ವಾ, ಕೇಳೂದ ಮರತೆ. ಮುಗದ ಹಾಡು ಮತ್ತ ತಗಿಯಂಗಿಲ್ಲ. ಮುಂದಿನ ರಾಶಿಗೆ ಮೊದಲ ನಿನ್ನ ಹೆಸರ."

"ನೋಡೂಣು" ಎಂದಳು ಗ್ಯಾನವ್ವ. ಹೋಗುವಾಗ ಎರಡು ಸಲ ತಿರುಗಿ ನೋಡಿದಳು.

ಮುಂದಿನ ವರ್ಷ ಕಟಾವಿನ ಯಂತ್ರ ಬಂತು. ಜೋಳ ಹೊಲದಲ್ಲೇ ಚೀಲಕ್ಕೆ ಬಿತ್ತು. ರಾಶಿಯೇ ಇಲ್ಲದ ಮೇಲೆ ಹಾಡು ಎಲ್ಲಿಯದು? ಫಕೀರವ್ವ ಎರಡು ಸುಗ್ಗಿ ಕಾದಳು. ಮೊಳೆಯಿಂದ ನನ್ನನ್ನು ಇಳಿಸಿ, ಒರೆಸಿ, ಮತ್ತೆ ತೂಗುಹಾಕುತ್ತಿದ್ದಳು. ಮೂರನೆಯ ಸುಗ್ಗಿಗೆ ಅವಳೇ ಇರಲಿಲ್ಲ.

ಅವಳ ಮಗಳು ನನ್ನನ್ನು ತಾಲ್ಲೂಕಿನ ಕಾಲೇಜಿಗೆ ಕೊಟ್ಟಳು. ಅಲ್ಲಿಯ ಹುಡುಗಿಯರು ವೇದಿಕೆಯ ಮೇಲೆ ಅನ್ನದಾತನಿಗೆ ನಮನ ಎಂದು ಹಾಡಿದರು. ಚೆನ್ನಾಗಿಯೇ ಹಾಡಿದರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ನನ್ನನ್ನು ಕೈಯಲ್ಲಿ ಹಿಡಿದಿದ್ದರು, ಬಾರಿಸಲಿಲ್ಲ. ಆಮೇಲೆ ಗಾಜಿನ ಕಪಾಟು. ಇಲ್ಲಿ ಬಿಸಿಲಿಲ್ಲ. ತೊಗಲು ಸಡಿಲವಾಗಿದೆ.

ಕಳೆದ ವಾರ, ಕಸ ಗುಡಿಸಲು ಹೊಸದಾಗಿ ಬಂದ ಹೆಂಗಸು ಕಪಾಟಿನ ಬಾಗಿಲು ತೆರೆದು ಒರೆಸುತ್ತಿದ್ದಳು. ಕೂದಲು ನರೆತಿತ್ತು. ನನ್ನ ಸುಟ್ಟ ಕಲೆ ಮುಟ್ಟಿ ನಿಂತಳು.

"ನೀ ಇಲ್ಲಿ ಅದೀ ಏನ? ಹೊಲಕ್ಕೆಲ್ಲಾ ಎಣ್ಣಿ ಹೊಡದು ಕಳೆ ಸಾಯಿಸ್ತಾರ. ನಾನೂ ಇಲ್ಲಿಗೇ ಬಂದೆ."

ಗ್ಯಾನವ್ವ. ಅವಳು ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಎರಡು ಬೆರಳಿನಿಂದ ನನ್ನನ್ನು ತಟ್ಟಿದಳು. ಒದ್ದೆ ಬಟ್ಟೆ ಕೊಡವಿದಂಥ ಸದ್ದು ಬಂತು. ಅವಳಿಗೆ ಅಷ್ಟೇ ಸಾಕಾಯಿತು.

"ಉತ್ತಾವಗ ಶರಣ, ಬಿತ್ತಿದಾಕಿಗೆ ಶರಣ. ಹಾಡಿದಾಕಿ ಫಕೀರವ್ವಗ ಶರಣ."

ಆಮೇಲೆ ತನ್ನ ಹೆಸರಿಗೆ ಬಾಯಿ ತೆರೆದವಳು ತಡೆದುಕೊಂಡಳು. ಕಟ್ಟಳೆ ಅವಳಿಗೂ ಗೊತ್ತಿತ್ತು. ನಾನು ಕಾದೆ. ಅವಳು ಸೆರಗಿನಿಂದ ನನ್ನನ್ನು ಒರೆಸಿ, ಕಪಾಟಿನ ಬಾಗಿಲು ಹಾಕಿ, ಪೊರಕೆ ಎತ್ತಿಕೊಂಡು ಹೋದಳು.

ಯಾರಾದರೂ ತಟ್ಟಿದರೆ ಮಾತ್ರ ನನಗೆ ದನಿ. ಎಂದಾದರೂ ನೀವು ನನ್ನನ್ನು ಕೈಗೆತ್ತಿಕೊಂಡು ಶರಣು ಹಾಡಿದರೆ, ಅವಳನ್ನು ಕೊಪ್ಪದಾಕಿ ಅನ್ನಬೇಡಿ. ಗ್ಯಾನವ್ವ ಅನ್ನಿ.