ಮೂರನೇ ನುಡಿ

“ನಿಲ್ಸ್ಲಾ, ಅದ ನಿಲ್ಸು!”

ಬಾಗಿಲ ಬಳಿಯಿಂದ ಅವ್ವ ದೇವಿರಮ್ಮ ಕೂಗಿದ ರಭಸಕ್ಕೆ ಸಿದ್ದರಾಜು ಗಾಬರಿಯಾಗಿ ಗ್ರಾಮಫೋನಿನ ಮುಳ್ಳು ಎತ್ತಿದ. ಹಸೆಮಣೆಯ ಮೇಲೆ ಒಂದೇ ಕೆನ್ನೆಗೆ ಅರಿಸಿನ ಹಚ್ಚಿಸಿಕೊಂಡು ಕೂತಿದ್ದ ತಂಗಿ ಮಲ್ಲಿಗಮ್ಮ ಅಣ್ಣನ ಮುಖ ನೋಡಿದಳು. ಎರಡು ನುಡಿ ಚೆನ್ನಾಗಿಯೇ ಸಾಗಿದ್ದ ಹಸೆಹಾಡು, ಮೂರನೆಯದಕ್ಕೆ ಬಂದಾಗ ಜೊತೆಗೆ ಹಾಡುತ್ತಿದ್ದ ಹೆಂಗಸರನ್ನು ಬಿಟ್ಟು ಮುಂದೆ ಹೋಗಿತ್ತು.

“ಪದ ಓಡೋಯ್ತಾ ಅದೆ ಕಣ್ಲಾ” ಎಂದಳು ಅರಿಸಿನ ಹಚ್ಚುತ್ತಿದ್ದ ಪಕ್ಕದ ಮನೆಯ ಪಟ್ಟಲಮ್ಮ. “ಅದ್ರ ಹಿಂದೆ ನಾವು ಸೀರೆ ಎತ್ಕಟ್ಕಂಡು ಓಡ್ಬೇಕಾ?”

ನಡುಮನೆಯೆಲ್ಲ ನಕ್ಕಿತು. ಸಿದ್ದರಾಜು ನಗಲಿಲ್ಲ. ಈ ಪೆಟ್ಟಿಗೆಯನ್ನು ಮೈಸೂರಿನಿಂದ ಹೊತ್ತು ತಂದವನು ಅಪ್ಪ ಹೊನ್ನಯ್ಯ. ಮಗಳ ಮದುವೆಯಲ್ಲಿ ಇದು ಹಾಡಬೇಕು ಎನ್ನುವುದು ಆತನ ಆಸೆ. ಹೋದ ವರ್ಷ ಆತ ತೀರಿಕೊಂಡ. ಅವನ ಹಿಂದೆಯೇ ಪೆಟ್ಟಿಗೆಯ ಸ್ಪ್ರಿಂಗೂ ಮುರಿಯಿತು. ಸಿದ್ದರಾಜು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮಂಡ್ಯಕ್ಕೆ ಒಯ್ದು, ರೇಡಿಯೋ ರಿಪೇರಿಯ ಸಂಪತ್ ಕುಮಾರನ ಕೈಲಿ ಸ್ಪ್ರಿಂಗ್ ತೆಗೆಸಿ ಕರೆಂಟಿನ ಮೋಟರು ಕೂರಿಸಿದ್ದ. “ಇನ್ನು ಕೀ ಕೊಡೋ ಗೋಜೇ ಇಲ್ಲ. ಮೊದಲಿಂದ ಕೊನೇವರೆಗೂ ಒಂದೇ ವೇಗ” ಅಂದಿದ್ದ ಸಂಪತ್ ಕುಮಾರ. ಆ ಮಾತು ಬೀಳದ ಕಿವಿ ಅವರೂರು ಕೆರಗೋಡಿನಲ್ಲಿ ಉಳಿದಿರಲಿಲ್ಲ. ಸಿದ್ದರಾಜು ಬಿಟ್ಟರೆ ತಾನೆ?

“ಈಗ್ಲೇ ಕಣವ್ವ ಸರ್ಯಾಗಿರಾದು. ಮೊದ್ಲು ಸ್ಪ್ರಿಂಗು ಸೋತೋಗಿತ್ತು.”

“ನಿಮ್ಮಪ್ಪ ಇದ್ದಾಗ್ಲೇ ಸರ್ಯಾಗಿತ್ತು. ತಕ್ಕಂಡೋಗಿ ಒಳೀಕಿಡು. ಇದು ಯಾರ್ದೋ ಪೆಟ್ಗೆ.”

ಆ ಮಾತು ಅವನಿಗೆ ನಾಟಿತು. ಗಂಡ ಇಲ್ಲದವಳೆಂದು ದೇವಿರಮ್ಮ ಮಗಳಿಗೆ ಅರಿಸಿನ ಮುಟ್ಟಿಸುವಂತಿರಲಿಲ್ಲ. ಎಲೆಯಡಿಕೆಯ ಚೀಲ ಮಡಿಲಲ್ಲಿಟ್ಟುಕೊಂಡು ದೂರ ಕೂತಿದ್ದಳು. ಈ ಶಾಸ್ತ್ರದಲ್ಲಿ ಅವಳ ಪಾಲಿಗೆ ಇದ್ದದ್ದು ಹಾಡೊಂದೇ. ಅದನ್ನೂ ತಾನೇ ಕೆಡಿಸಿದೆನಲ್ಲ ಎಂದು ಸಿದ್ದರಾಜು ವೈರು ಸುತ್ತತೊಡಗಿದ.

ಪೆಟ್ಟಿಗೆಯ ಹಂಗಿಲ್ಲದೆ ಹೆಂಗಸರು ಮೊದಲಿನಿಂದ ಶುರುಮಾಡಿದರು. ಮೂರನೇ ನುಡಿಗೆ ಅವನ ಕಿವಿ ನೆಟ್ಟಗಾಯಿತು. ಅಷ್ಟೂ ಜನರ ದನಿ ಒಟ್ಟಿಗೆ ಕುಗ್ಗಿತು, ದಪ್ಪಗಾಯಿತು, ನಿದ್ದೆ ಹತ್ತಿದವರಂತೆ ಎಳೆಯಿತು. ಆಮೇಲೆ ಯಾರೋ ಚಿವುಟಿದಂತೆ ಒಮ್ಮೆಗೇ ಮೇಲೆದ್ದಿತು.

ಅಪ್ಪ! ಸೋತ ಸ್ಪ್ರಿಂಗು ಒಂದು ಹಾಡನ್ನು ಪೂರಾ ತಾಳುತ್ತಿರಲಿಲ್ಲ. ನಡುವೆ ಕೀ ಕೊಡಬೇಕಿತ್ತು. ಕೊಡಬೇಕಾದ ಹೊನ್ನಯ್ಯ ಪೆಟ್ಟಿಗೆಯ ಪಕ್ಕ ಗೋಡೆಗೊರಗಿ ಎರಡನೇ ನುಡಿಗೇ ತೂಕಡಿಸುತ್ತಿದ್ದ. ಮೂರನೆಯದಕ್ಕೆ ಹಾಡು ನರಳತೊಡಗಿದರೆ, ದೇವಿರಮ್ಮ ವೀಳ್ಯದೆಲೆಯ ತೊಟ್ಟು ಮುರಿದು ಅವನ ಮೇಲೆ ಎಸೆಯುತ್ತಿದ್ದಳು. ಆತ ಬೆಚ್ಚಿಬಿದ್ದು ಗರಗರ ಕೀ ಕೊಡುತ್ತಿದ್ದ. ಕೇರಿಯ ಹೆಂಗಸರೆಲ್ಲ ಈ ಹಾಡು ಕಲಿತದ್ದು ಈ ಪೆಟ್ಟಿಗೆಯಿಂದಲೇ, ಹೊನ್ನಯ್ಯನ ನಿದ್ದೆಯ ಸಮೇತ. ಮಳವಳ್ಳಿ ಕಡೆಗೆ ಕೊಟ್ಟ ಹೆಣ್ಣುಮಕ್ಕಳು ಅಲ್ಲಿಗೂ ಅದನ್ನು ಹಾಗೆಯೇ ಒಯ್ದಿದ್ದರು. ಸಿದ್ದರಾಜುಗೆ ನಗು ಬಂತು. ಸುತ್ತಿದ್ದ ವೈರನ್ನು ಮತ್ತೆ ಬಿಚ್ಚಿದ.

“ಇನ್ನೊಂದ್ಸಲ ಆಕ್ತೀನಿ ಕಣವ್ವ. ಇದೊಂದ್ಸಲ.”

“ಬ್ಯಾಡ ಅಂದ್ನಲ್ಲ.”

“ಆಕ್ಲಿ ಬುಡವ್ವ” ಎಂದಳು ಮಲ್ಲಿಗಮ್ಮ.

ಅವನು ಪೆಟ್ಟಿಗೆಯ ಪಕ್ಕದಲ್ಲಿ, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಗೋಡೆಗೊರಗಿ ಕೂತ. ತಟ್ಟೆ ತಿರುಗಿತು. ಒಂದು ನುಡಿ ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದು ಶುರುವಾಗುತ್ತಲೇ ಅವನು ತಟ್ಟೆಯ ಅಂಚಿಗೆ ಮೆಲ್ಲಗೆ ಹೆಬ್ಬೆರಳು ಒತ್ತಿದ. ಹಾಡು ಕುಗ್ಗಿತು, ದಪ್ಪಗಾಯಿತು, ಎಳೆಯತೊಡಗಿತು. ಹೆಂಗಸರೂ ಅದರ ಜೊತೆಗೇ ಇಳಿದರು. ಪಟ್ಟಲಮ್ಮ ಇನ್ನೊಂದು ಕೆನ್ನೆಗೆ ಅರಿಸಿನ ಹಚ್ಚಿದಳು.

ಎಷ್ಟು ಹೊತ್ತು ಒತ್ತಿರಬೇಕೋ ಸಿದ್ದರಾಜುಗೆ ಗೊತ್ತಾಗಲಿಲ್ಲ. ಬೆರಳು ತೆಗೆಯದೆ ಹಾಗೆಯೇ ಕಣ್ಣು ಮುಚ್ಚಿದ.

ಬಾಗಿಲ ಕಡೆಯಿಂದ ವೀಳ್ಯದೆಲೆಯ ತೊಟ್ಟೊಂದು ಹಾರಿ ಬಂದು ಅವನ ಮೊಣಕಾಲಿಗೆ ತಾಗಿತು.

ಅವನು ಬೆರಳು ತೆಗೆದ.