ತುಟಿಯಿಂದ ಇಳಿದ ಸೀಳು

ಕಲಾವಿದೆ ಬರುವುದಕ್ಕೆ ಇನ್ನೂ ಒಂದೂವರೆ ಗಂಟೆಯಿತ್ತು. ಲೀಡ್ಸ್‌ನ ಆ ಚಿಕ್ಕ ಗ್ಯಾಲರಿಯಲ್ಲಿ ನಿವೇದಿತಾ ಹೆಡ್‌ಫೋನ್ ಹಾಕಿಕೊಂಡು, ಪ್ರೇಕ್ಷಕರಿಗಾಗಿ ಮಾಡಿದ್ದ ಧ್ವನಿಮುದ್ರಣವನ್ನು ಸುಮ್ಮನೆ ಕುತೂಹಲಕ್ಕೆ ಕೇಳುತ್ತಿದ್ದಳು. ಎರಡನೆಯ ನಿಮಿಷದಲ್ಲಿ ಅವಳು ಅದನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ಕೇಳಿದಳು.

ಮಾತಾಡುತ್ತಿದ್ದದ್ದು ಆ ಕಲಾವಿದೆಯೇ, ಜರ್ಮನಿಯ ಗುಡ್ರುನ್. ಆಕೆಯ ಚಿತ್ರ ಎದುರಿನ ಗೋಡೆಯ ಮೇಲೇ ಇತ್ತು. ಹಳೆಯ ರೈಲು ವೇಳಾಪಟ್ಟಿಯ ಹಾಳೆಗಳನ್ನು ಜೋಡಿಸಿ ಅಂಟಿಸಿ, ಚಹಾದ ಬಣ್ಣ ಬಳಿದು, ಅದರ ಮೇಲೆ ಇದ್ದಿಲಿನಲ್ಲಿ ಬರೆದ ಮುದುಕಿ. ಮಡಿಲಲ್ಲಿ ಕಪ್ಪು ದಾರದಿಂದ ಹೊಲಿದ ಕೀಲಿಕೈ ಗೊಂಚಲು.

“ಈಕೆ ನನ್ನ ಅಜ್ಜಿ. ಯುದ್ಧದ ಕಾಲದಲ್ಲಿ ಪಕ್ಕದ ಮನೆಯ ಯೆಹೂದಿಗಳನ್ನು ಪೊಲೀಸರು ಹಿಡಿದುಕೊಂಡು ಹೋದ ದಿನ ಅವರು ತಮ್ಮ ಕೀಲಿಕೈ ಗೊಂಚಲನ್ನು ಇವಳ ಕೈಗೆ ಕೊಟ್ಟರು. ಅವರು ತಿರುಗಿ ಬರಲಿಲ್ಲ. ಅರವತ್ತು ವರ್ಷ ಅಜ್ಜಿ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಅದಕ್ಕೇ ಅವಳ ತುಟಿಯಿಂದ ಕೆಳ ಅಂಚಿನವರೆಗೆ ಕಾಗದವನ್ನು ನಾನೇ ಕೈಯಿಂದ ಹರಿದೆ. ಆ ಸೀಳಿಲ್ಲದೆ ಈ ಚಿತ್ರ ಇಲ್ಲ.”

ಚಿತ್ರದಲ್ಲಿ ಈಗ ಸೀಳಿರಲಿಲ್ಲ. ಹದಿನೈದು ದಿನದ ಹಿಂದೆ ನಿವೇದಿತಾ ಅದನ್ನು ಮುಚ್ಚಿದ್ದಳು.

ಮೈಸೂರಿನಲ್ಲಿ ಎಂಟು ವರ್ಷ ಹಳೆಯ ಹಸ್ತಪ್ರತಿಗಳನ್ನು ರಿಪೇರಿ ಮಾಡಿದವಳು ಅವಳು. ಇಲ್ಲಿ ಸೇರಿ ನಾಲ್ಕು ತಿಂಗಳು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಚಿತ್ರ ಬಂದ ಪೆಟ್ಟಿಗೆಯ ಮೂಲೆ ಜಜ್ಜಿತ್ತು. ಚಿತ್ರದ ಸ್ಥಿತಿಯನ್ನು ತಿಳಿಸುವ, ಜೊತೆಗಿದ್ದ ಪಟ್ಟಿಯಲ್ಲಿ ‘ಯಾವ ಹಾನಿಯೂ ಇಲ್ಲ’ ಎಂದು ಬರೆದಿತ್ತು. ಹಾಗಾದರೆ ದಾರಿಯಲ್ಲಿ ಹರಿದದ್ದೇ ಎಂದುಕೊಂಡು, ತೆಳು ಜಪಾನಿ ಕಾಗದಕ್ಕೆ ಗೋಧಿ ಅಂಟು ಸವರಿ ಹಿಂದಿನಿಂದ ಕೂಡಿಸಿದ್ದಳು. ಗ್ಯಾಲರಿಯ ಫಾರ್ಮ್‌ನಲ್ಲಿ ‘ಸಣ್ಣ ರಿಪೇರಿ’ ಎಂದು ಒಂದು ಸಾಲು ಬರೆದದ್ದಕ್ಕೆ ಮ್ಯಾನೇಜರ್ ಓದದೆಯೇ ಸಹಿ ಹಾಕಿದ್ದಳು. ಜರ್ಮನಿಗೆ ಒಂದು ಇಮೇಲ್ ಹಾಕಿ ಕೇಳಬಹುದಿತ್ತು. ಕೇಳಲಿಲ್ಲ.

ಏಣಿ ಹಿಡಿದು ಬಂದ ಮೃತ್ಯುಂಜಯ ಅವಳ ಮುಖ ನೋಡಿ ನಿಂತ. ಧಾರವಾಡದವನು, ಚಿತ್ರಗಳನ್ನು ಗೋಡೆಗೆ ತೂಗುಹಾಕುವ ಕೆಲಸ ಅವನದು. ಅವಳು ಎಲ್ಲವನ್ನೂ ಹೇಳಿದಳು.

“ಪೆಟ್ಟಿಗಿ ಜಜ್ಜಿದ್ದನ್ನ ನಾನೂ ನೋಡೇನಿ,” ಎಂದು ಅವನು ದನಿ ತಗ್ಗಿಸಿದ. “ಹಿಂಗ ಅಂಟಿಸಿಕೊಂಡೇ ಬಂದಿತ್ತು ಅನ್ನು. ಆ ಫಾರ್ಮ್ ಹೊಸಾದು ಬರದರಾತು.”

“ಅಣ್ಣ, ಅದು ಸುಳ್ಳಲ್ವಾ?”

“ಸುಳ್ಳ ಹೌದು ತಂಗಿ. ಆದ್ರ ನಿನ್ನ ವೀಸಾ ಈ ನೌಕರಿ ಮ್ಯಾಲೇ ಐತಿ. ನಿನ್ನ ಗಂಡಂದೂ. ವಿಚಾರ ಮಾಡು.”

ಅವಳು ವಿಚಾರ ಮಾಡಿದಳು. ಬೀರುವಿನಿಂದ ಖಾಲಿ ಫಾರ್ಮ್ ತೆಗೆದು ದಿನಾಂಕವನ್ನೂ ಬರೆದಳು. ಮುಂದಿನ ಸಾಲಿಗೆ ಪೆನ್ನು ಸಾಗಲಿಲ್ಲ.

ಹನ್ನೊಂದಕ್ಕೆ ಗುಡ್ರುನ್ ಬಂದಳು. ಅರವತ್ತು ದಾಟಿದ ಎತ್ತರದ ಹೆಂಗಸು. ಮ್ಯಾನೇಜರ್ ನಗುತ್ತಾ ಏನೋ ವಿವರಿಸುತ್ತಿದ್ದಳು. ಚಿತ್ರದ ಎದುರು ಗುಡ್ರುನ್ ನಿಂತಳು, ಬಾಗಿದಳು, ಮತ್ತೆ ನೆಟ್ಟಗಾದಳು.

“ಇದನ್ನು ಮುಚ್ಚಿದ್ದು ಯಾರು?”

ಮ್ಯಾನೇಜರ್‌ಗೆ ಅರ್ಥವಾಗಲಿಲ್ಲ. “ಪೆಟ್ಟಿಗೆಗೆ ಸ್ವಲ್ಪ ಪೆಟ್ಟಾಗಿತ್ತು, ಬಹುಶಃ ನಿಮ್ಮ ಕಡೆಯಲ್ಲೇ...”

“ನಾನು,” ಎಂದಳು ನಿವೇದಿತಾ. “ಹರಿದುಹೋಗಿದೆ ಅಂದುಕೊಂಡೆ. ನಿಮ್ಮನ್ನು ಕೇಳಬೇಕಿತ್ತು. ಕೇಳಲಿಲ್ಲ.”

ಗುಡ್ರುನ್ ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ಮ್ಯಾನೇಜರಳ ಕತ್ತು ಕೆಂಪಗಾಗಿತ್ತು.

“ಬಿಚ್ಚೋಕೆ ಆಗುತ್ತಾ?” ಎಂದು ಗುಡ್ರುನ್ ತಿರುಗಿದಳು.

“ಆಗುತ್ತೆ. ಆದರೆ ನೀರು ತಾಗಿದರೆ ಚಹಾದ ಬಣ್ಣ ಹರಡಬಹುದು. ಇದ್ದಿಲೂ ಸ್ವಲ್ಪ ಹೋಗಬಹುದು.”

“ಬಿಚ್ಚು. ನಾನು ಇಲ್ಲೇ ಕೂತಿರ್ತೀನಿ.”

ಚಿತ್ರವನ್ನು ಚೌಕಟ್ಟಿನಿಂದ ತೆಗೆದು ಮೇಜಿನ ಮೇಲೆ ಬೋರಲು ಮಲಗಿಸಿದರು. ಬೆರಳಗಲದ ಒದ್ದೆ ಕಾಗದವಿಟ್ಟು, ಅಂಟು ಮೆತ್ತಗಾಗುವವರೆಗೆ ಕಾದು, ಚಪ್ಪಟೆ ಅಲಗಿನಿಂದ ಎಬ್ಬಿಸಿ, ತಕ್ಷಣ ಒಣಗಿಸಬೇಕು. ಮತ್ತೆ ಮುಂದಿನ ಬೆರಳಗಲ. ಗುಡ್ರುನ್ ಪಕ್ಕದಲ್ಲೇ ಕೂತು ಆ ಕೈಗಳನ್ನು ನೋಡುತ್ತಿದ್ದಳು. ತುಟಿಯ ಹತ್ತಿರ ಬಂದಾಗ ತೆಳು ಕಾಗದದ ಜೊತೆಗೇ ಅಕ್ಕಿಕಾಳಿನಷ್ಟು ಇದ್ದಿಲು ಕಿತ್ತು ಬಂತು. ನಿವೇದಿತಾಳ ಕೈ ಗಾಳಿಯಲ್ಲೇ ನಿಂತಿತು.

“ಹೋಗಿದೆ,” ಎಂದಳು.

“ಕಂಡೆ. ನಿಲ್ಲಿಸಬೇಡ.”

ಒಂದೂವರೆಗೆ ಸೀಳು ಪೂರ್ತಿ ತೆರೆದುಕೊಂಡಿತು. ಮೊದಲು ಅದರ ಅಂಚುಗಳು ಹೊರಕ್ಕೆ ಸುರುಳಿಯಾಗಿದ್ದವು, ಈಗ ಚಪ್ಪಟೆಯಾಗಿ ಮಲಗಿದ್ದವು. ಗುಡ್ರುನ್ ಬೆರಳಿನಿಂದ ಮಡಿಸಲು ನೋಡಿ ಕೈಬಿಟ್ಟಳು.

“ಮೊದಲಿನ ಹಾಗಿಲ್ಲ.”

“ಇಲ್ಲ,” ಎಂದಳು ನಿವೇದಿತಾ.

ಇನ್ನೇನಾದರೂ ಹೇಳುತ್ತಾಳೆ ಎಂದು ಅವಳು ಕಾದಳು. ಗುಡ್ರುನ್ ಕ್ಷಮಿಸಿದೆ ಎನ್ನಲಿಲ್ಲ, ದೂರು ಕೊಡುತ್ತೇನೆ ಎಂದೂ ಹೇಳಲಿಲ್ಲ. ಏನೇನಾಯಿತೋ ಎಲ್ಲವನ್ನೂ ಬರೆಯಲು ಹೇಳಿದಳು. ನಿವೇದಿತಾ ಒಂದು ಪುಟ ಪೂರ್ತಿ ಬರೆದಳು, ಕಳೆದುಹೋದ ಇದ್ದಿಲನ್ನೂ ಸೇರಿಸಿ. ಗುಡ್ರುನ್ ನಿಧಾನವಾಗಿ ಓದಿ, ಕೆಳಗೆ ಸಹಿ ಹಾಕಿ, ಕೋಟು ತೆಗೆದುಕೊಂಡು ಹೊರಟಳು.

ಮಧ್ಯಾಹ್ನ ಮ್ಯಾನೇಜರ್ ಕರೆದು ಎಚ್ಚರಿಕೆಯ ಪತ್ರ ಕೊಟ್ಟಳು. ಕಾಯಂ ಆಗುವುದು ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಯಿತು. ಕೆಲಸ ಉಳಿಯಿತು.

ಮೆಟ್ಟಿಲ ಮೇಲೆ ಕೂತಿದ್ದ ಅವಳ ಪಕ್ಕದಲ್ಲಿ ಮೃತ್ಯುಂಜಯ ಒಂದು ಕಪ್ ಟೀ ಇಟ್ಟ.

“ನಾ ಹಂಗ ಹೇಳಬಾರದಿತ್ತು ತಂಗಿ.”

“ನನಗೋಸ್ಕರ ಹೇಳಿದ್ರಿ ಅಣ್ಣ. ಅವರು ಇನ್ನೂ ಸ್ವಲ್ಪ ತಡವಾಗಿ ಬಂದಿದ್ರೆ ಆ ಫಾರ್ಮ್ ಬರೆದೇಬಿಡ್ತಿದ್ದೆನೋ ಏನೋ.”

ಅವಳು ಕಪ್ ಎತ್ತಿಕೊಳ್ಳುವಾಗ ಟೀ ಬೆರಳ ಮೇಲೆ ತುಳುಕಿತು. ಅವನು ಜೇಬಿನ ಕರವಸ್ತ್ರ ತೆಗೆದುಕೊಟ್ಟ.